ಆರು ಡಿಸ್ಕಿನ ಸರ್ವರ್, ಮೂರು ಡಿಸ್ಕಿಗೆ ಕಾಯಿಲೆ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಮದುವೆ ವಿಡಿಯೋ ಮಾಡುವವರಿಗೆ ಎರಡಕ್ಕೆ ಯಾವಾಗಲೂ ತತ್ವಾರ. ಒಂದು ನಿದ್ದೆಗೆ, ಇನ್ನೊಂದು ಹಾರ್ಡ್ ಡಿಸ್ಕಿನ ಜಾಗಕ್ಕೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ, ಸ್ವಲ್ಪ ಒಳಗೆ, ನನಗೆ ಪರಿಚಯದವರ ಮನೆ ಇದೆ. ಯಜಮಾನರಿಗೆ ಅಡಿಕೆ ತೋಟ, ಜೊತೆಗೆ ಫೋಟೋ-ವಿಡಿಯೋ ಕೆಲಸ. ಒಂದು ಮದುವೆ ಅಂದರೆ ಎರಡು ಮೂರು ಕ್ಯಾಮೆರಾ, ನೂರಾರು ಜಿಬಿ ಫೈಲು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗ ರಜೆಗೆ ಬಂದಾಗ ಹಳೆಯ ಡೆಸ್ಕ್‌ಟಾಪನ್ನೇ ಸ್ಟೋರೇಜ್ ಸರ್ವರ್ ಮಾಡಿ ಕೊಟ್ಟಿದ್ದ. ಹುಡುಗ ಕೆಲಸ ಚೆನ್ನಾಗಿಯೇ ಮಾಡಿದ್ದ, ಆ ಮಾತು ಮೊದಲೇ ಹೇಳಿಬಿಡುತ್ತೇನೆ.

ಅದರ ಜೋಡಣೆ ಹೀಗಿತ್ತು. 4 ಟಿಬಿಯ ಆರು ಡಿಸ್ಕ್. ಸ್ಟೋರೇಜ್ ಸರ್ವರಿಗೆಂದೇ ಇರುವ ಆಪರೇಟಿಂಗ್ ಸಿಸ್ಟಮ್ ಟ್ರೂನಾಸ್, ಅದರಲ್ಲಿ ಡಿಸ್ಕುಗಳನ್ನೆಲ್ಲ ಒಟ್ಟುಗೂಡಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್, ಜೋಡಣೆಯ ಬಗೆ ರೇಡ್‌ಝಡ್2. ಅಂದರೆ ಆರರಲ್ಲಿ ಯಾವ ಎರಡು ಡಿಸ್ಕ್ ಸತ್ತರೂ ಡೇಟಾ ಉಳಿಯುತ್ತದೆ. ಮದರ್‌ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ನಾಲ್ಕೇ. ಒಂದರಲ್ಲಿ ಬೂಟ್ ಆಗುವ ಎಸ್‌ಎಸ್‌ಡಿ, ಎರಡರಲ್ಲಿ ಡಿಸ್ಕ್, ಒಂದು ಖಾಲಿ. ಉಳಿದ ನಾಲ್ಕು ಡಿಸ್ಕಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಎಲ್‌ಎಸ್‌ಐ 9211-8ಐ, ಹೆಚ್ಚುವರಿ ಡಿಸ್ಕ್ ಜೋಡಿಸಲು ಪೋರ್ಟ್ ಕೊಡುವ ಕಾರ್ಡ್. ಮನೆ ಸರ್ವರ್ ಕಟ್ಟುವವರಲ್ಲಿ ಬಹಳ ಜನ ಬಳಸುವ ಕಾರ್ಡ್ ಅದು. ಸರ್ವರುಗಳಿಂದ ಕಳಚಿದ ಮಾಲು ಅಗ್ಗಕ್ಕೆ ಸಿಗುತ್ತದೆ. ಎರಡು ಕನೆಕ್ಟರ್, ಒಂದೊಂದರಿಂದ ನಾಲ್ಕು ಡಿಸ್ಕಿಗೆ ಕವಲೊಡೆಯುವ ಕೇಬಲ್.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಐದನೇ ಡಿಸ್ಕಿನಲ್ಲಿ ರೀಡ್, ರೈಟ್ ಎರರ್ ಬಂದು ಝಡ್‌ಎಫ್‌ಎಸ್ ಅದನ್ನು ಹೊರಗೆ ಹಾಕಿತು. ಯಜಮಾನರು ಡಿಸ್ಕ್ ಬಿಚ್ಚಿ ಅಂಗಡಿಯೊಂದಕ್ಕೆ ಕೊಟ್ಟರು. ಅಲ್ಲಿ "ಹೋಗಿದೆ" ಅಂದರು. ಹೊಸದು ಹಾಕಿದರು. ಹೊಸ ಡಿಸ್ಕಿಗೆ ಡೇಟಾ ತುಂಬುವ ಕೆಲಸ, ಅಂದರೆ ರಿಸಿಲ್ವರ್, ಅರ್ಧ ದಾರಿಗೆ ಬಂದಿರಬೇಕಾದರೆ ನಾಲ್ಕನೆಯದರಲ್ಲೂ ಆರನೆಯದರಲ್ಲೂ ಎರರ್ ಶುರುವಾಯಿತು. ಹೊಸ ಐದನೆಯದರಲ್ಲೂ ಬಂತು. ಮೂರು ಡಿಸ್ಕ್ ಕೈಕೊಟ್ಟ ಮೇಲೆ ರೇಡ್‌ಝಡ್2 ನಿಲ್ಲುವುದಿಲ್ಲ. ಪೂಲ್, ಅಂದರೆ ಆರೂ ಡಿಸ್ಕ್ ಸೇರಿ ಆದ ಒಂದು ಸ್ಟೋರೇಜ್, ಸಸ್ಪೆಂಡ್ ಆಯಿತು. ಒಳಗೆ ಎರಡು ಸೀಸನ್ನಿನ ಮದುವೆಗಳು. ಕೆಲವು ಇನ್ನೂ ಎಡಿಟ್ ಆಗಿಲ್ಲ.

ಫೋನಿನಲ್ಲಿ ಅವರ ಮಾತು: "ಹೊಸ ಡಿಸ್ಕ್ ಹಾಕಿದ್ರೂ ಅದೇ ಕಥೆ ಮಾರಾಯ. ಈಗ ಕಾರ್ಡ್ ಹೋಗಿದೆ ಅಂತಾರೆ. ತರಿಸ್ಲಾ?"

"ಎಂತದೂ ತರಿಸ್ಬೇಡಿ ಅಣ್ಣಾ. ಮಷೀನ್ ಆಫ್ ಮಾಡಿ ಇಡಿ. ನಾನು ಬರೋ ತನಕ ಆನ್ ಮಾಡೋದು ಬೇಡ."

ಆಫ್ ಮಾಡಿ ಅಂದಿದ್ದಕ್ಕೆ ಕಾರಣ ಇದೆ. ರಿಸಿಲ್ವರ್ ಅರ್ಧದಲ್ಲಿ ನಿಂತ ಪೂಲ್ ಮತ್ತೆ ಆನ್ ಆದ ಕೂಡಲೇ ರಿಸಿಲ್ವರ್ ಮುಂದುವರಿಸಲು ನೋಡುತ್ತದೆ. ಎಲ್ಲ ಡಿಸ್ಕ್ ಒಟ್ಟಿಗೆ ದುಡಿಯುತ್ತವೆ. ಕಾಯಿಲೆಯ ಮೂಲ ಗೊತ್ತಿಲ್ಲದೆ ಇರುವಾಗ ಅದಕ್ಕಿಂತ ದೊಡ್ಡ ಭಾರ ಹೇರಲು ಸಾಧ್ಯವೇ ಇಲ್ಲ.

ಯಾರ ಮೇಲೆ ಅನುಮಾನ

ಇಂಥ ಕಡೆ ನಾನು ಮೊದಲು ಮಾಡುವುದು ಒಂದೇ ಕೆಲಸ. ಒಂದು ಹಾಳೆಯ ಮೇಲೆ ಯಾವ ಡಿಸ್ಕ್ ಯಾವುದನ್ನು ಹಂಚಿಕೊಂಡಿದೆ ಅಂತ ಬರೆಯುತ್ತೇನೆ. ಬೇರೆ ಬೇರೆ ದಿನ ಕೊಂಡ ಡಿಸ್ಕುಗಳು, ಅದರಲ್ಲೂ ಒಂದು ಆಗ ತಾನೇ ಡಬ್ಬ ಬಿಚ್ಚಿದ್ದು, ಒಂದೇ ರಾತ್ರಿ ಕೆಡುವುದು ಅಪರೂಪ. ಮೂರಕ್ಕೂ ಸಮಾನವಾದದ್ದು ಏನೋ ಇರಬೇಕು.

ಅಂಗಡಿಯವರೂ ಈ ಲೆಕ್ಕದ ಮೇಲೇ ಕಾರ್ಡ್ ಅಂದಿದ್ದು. ಕೆಟ್ಟ ಮೂರೂ ಕಾರ್ಡಿನ ಮೇಲಿವೆ, ಸರಿಯಾಗಿರುವ ಒಂದು, ಎರಡು ಮದರ್‌ಬೋರ್ಡಿನ ಮೇಲಿವೆ. ಲೆಕ್ಕ ಸರಿ ಅಲ್ವಾ? ಆದರೆ ಮೂರನೇ ಡಿಸ್ಕ್ ಕೂಡ ಕಾರ್ಡಿನ ಮೇಲೇ ಇತ್ತು. ಅದೇ ಕನೆಕ್ಟರ್, ಅದೇ ಕೇಬಲ್ ಕಂತೆ. ಅದರಲ್ಲಿ ಒಂದೇ ಒಂದು ಎರರ್ ಇರಲಿಲ್ಲ.

ಹಾಳೆಗೆ ಕರೆಂಟಿನ ಗೆರೆ ಎಳೆದಾಗ ಚಿತ್ರ ಬದಲಾಯಿತು. ಹಳೆಯ ಪವರ್ ಸಪ್ಲೈಯಲ್ಲಿ ಸಾಟಾ ಪ್ಲಗ್ ನಾಲ್ಕೇ ಇದ್ದವು. ಎಸ್‌ಎಸ್‌ಡಿಗೆ ಒಂದು ಹೋಯಿತು, ಒಂದು-ಎರಡು-ಮೂರನೇ ಡಿಸ್ಕಿಗೆ ಉಳಿದವು. ನಾಲ್ಕು-ಐದು-ಆರಕ್ಕೆ ಹುಡುಗ ಮೊಲೆಕ್ಸ್ ಪ್ಲಗ್‌ನಿಂದ ಮೂರು ಸಾಟಾ ಕವಲಾಗುವ ಸ್ಪ್ಲಿಟರ್ ಹಾಕಿದ್ದ. ಕಾಯಿಲೆಯ ಗಡಿ ಸರಿಯಾಗಿ ಆ ಸ್ಪ್ಲಿಟರಿನ ಗಡಿಯೇ. ಒಂದೇ ಕಾಲುವೆಯ ಕೊನೆಯಲ್ಲಿ ಮೂರು ತೋಟ ಇದ್ದ ಹಾಗೆ: ಮೂರೂ ಕಡೆ ಒಟ್ಟಿಗೆ ನೀರು ಬಿಟ್ಟಾಗ ಮಾತ್ರ ಜಗಳ ಏಳುತ್ತದೆ.

ಅತ್ತಿಗೆ ಚಹಾ ತಂದವರು ಇನ್ನೊಂದು ವಿಷಯ ಹೇಳಿದರು. "ಕೆಲವು ಭಾನುವಾರ ಬೆಳಗಿನ ಜಾವ ಅದರೊಳಗೆ ಟಕ್ ಅಂತ ಸದ್ದು ಬರ್ತದೆ. ಹಲ್ಲಿ ಅಂತ ಮಾಡಿದ್ದೆ." ಟ್ರೂನಾಸ್‌ನಲ್ಲಿ ಸ್ಕ್ರಬ್ ಡಿಫಾಲ್ಟ್ ಆಗಿ ಭಾನುವಾರ ನಡುರಾತ್ರಿಗೆ ಇರುತ್ತದೆ, ಹಿಂದಿನ ಸ್ಕ್ರಬ್ ಆಗಿ 35 ದಿನ ಕಳೆದಿದ್ದರೆ ಮಾತ್ರ ಓಡುತ್ತದೆ. ಸ್ಕ್ರಬ್ ಅಂದರೆ ಪೂಲಿನಲ್ಲಿರುವ ಡೇಟಾವನ್ನೆಲ್ಲ ಓದಿ ಚೆಕ್‌ಸಮ್, ಅಂದರೆ ಬರೆಯುವಾಗ ಜೊತೆಗಿಟ್ಟ ತಪಾಸಣೆ ಅಂಕೆ, ತಾಳೆ ನೋಡುವುದು. ಎಲ್ಲ ಡಿಸ್ಕ್ ಗಂಟೆಗಟ್ಟಲೆ ಒಟ್ಟಿಗೆ ಓದುತ್ತವೆ. ಇನ್ನು ಟಕ್ ಸದ್ದು, ಓಡುತ್ತಿರುವ ಡಿಸ್ಕಿಗೆ ಕರೆಂಟ್ ತಪ್ಪಿದರೆ ಅದರ ಹೆಡ್ ಥಟ್ಟನೆ ಮೂಲೆಗೆ ಹೋಗಿ ಕೂರುವ ಸದ್ದು. (ಹಲ್ಲಿಯ ತಪ್ಪೂ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಕೇಸ್ ಬಿಚ್ಚಿದಾಗ ತಳದಲ್ಲಿ ಮೊಟ್ಟೆ ಚಿಪ್ಪು ಇತ್ತು.)

ಡಿಸ್ಕ್ ತಾನೇ ಬರೆದಿಟ್ಟ ಲೆಕ್ಕ

ಅನುಮಾನ ಸಾಕ್ಷಿ ಅಲ್ಲ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಬರೆದಿಡುವ ಸ್ಮಾರ್ಟ್ ಪಟ್ಟಿಯನ್ನು ಓದಲು ಪೂಲ್ ಇಂಪೋರ್ಟ್ ಮಾಡುವ, ಅಂದರೆ ತೆರೆದು ಬಳಕೆಗೆ ತರುವ, ಅಗತ್ಯ ಇಲ್ಲ, ಡೇಟಾ ಮುಟ್ಟುವ ಅಗತ್ಯವೂ ಇಲ್ಲ. ಬೇರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಆರೂ ಡಿಸ್ಕಿನ ಪಟ್ಟಿ ತೆಗೆದೆ.

ಪಟ್ಟಿಯ ಒಂದೊಂದು ಲೆಕ್ಕಕ್ಕೂ ಒಂದು ನಂಬರ್. ಜನ ಸಾಮಾನ್ಯವಾಗಿ ನೋಡುವುದು 5 ಮತ್ತು 197. 5ನೇ ನಂಬರಿನಲ್ಲಿ ಡಿಸ್ಕ್ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್ (ಡಿಸ್ಕಿನ ಚಿಕ್ಕ ಚಿಕ್ಕ ತುಣುಕು) ಲೆಕ್ಕ, 197ರಲ್ಲಿ ಓದಲಾಗದೆ ಬಾಕಿ ಇಟ್ಟ ಸೆಕ್ಟರ್ ಲೆಕ್ಕ. ಎಲ್ಲದರಲ್ಲೂ 5ನೇ ನಂಬರ್ ಸೊನ್ನೆ. ನಾಲ್ಕನೇ ಡಿಸ್ಕಿನಲ್ಲಿ ಮಾತ್ರ 197ರಲ್ಲಿ 16 ಇತ್ತು. ಅದರ ಕಥೆ ಆಮೇಲೆ.

199, ಅಂದರೆ ಸಿಆರ್‌ಸಿ ಎರರ್, ಡಿಸ್ಕಿಗೂ ಕಂಟ್ರೋಲರಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಾಗ ಏರುತ್ತದೆ. ಡೇಟಾ ಕೇಬಲ್ ಸಡಿಲವಾದರೆ, ಮಡಚಿ ಹಾಳಾಗಿದ್ದರೆ ಮೊದಲು ಮಾತಾಡುವುದು ಇದೇ ನಂಬರ್. ಒಮ್ಮೆ ಏರಿದ್ದು ಇಳಿಯುವುದಿಲ್ಲ, ಹಾಗಾಗಿ ಹಳೆಯ ಡಿಸ್ಕಿನಲ್ಲಿ ಅಷ್ಟಿಷ್ಟು ಇದ್ದರೆ ಹೆದರಬೇಕಿಲ್ಲ, ಈಗ ಏರುತ್ತಿದೆಯೇ ಅನ್ನುವುದು ಮುಖ್ಯ. ಆರನೆಯದರಲ್ಲಿ 3, ಉಳಿದವುಗಳಲ್ಲಿ ಸೊನ್ನೆ. ಕೇಬಲ್ ಮೇಲಿನ ಅನುಮಾನ ಬಹುತೇಕ ಅಲ್ಲಿಗೇ ಮುಗಿಯಿತು.

ನನಗೆ ಬೇಕಿದ್ದದ್ದು 12ನೇ ನಂಬರ್. ಡಿಸ್ಕ್ ಎಷ್ಟು ಸಲ ಆಫ್ ಆಗಿ ಆನ್ ಆಗಿದೆ ಅನ್ನುವ ಲೆಕ್ಕ. ಒಂದು, ಎರಡು, ಮೂರನೇ ಡಿಸ್ಕಿನಲ್ಲಿ 58, 58, 58. ಒಂದೇ ದಿನ ಸರ್ವರಿಗೆ ಸೇರಿದ ಹೊಸ ಡಿಸ್ಕುಗಳು, ಲೆಕ್ಕ ಒಂದೇ ಆಗಿರಬೇಕು, ಆಗಿದೆ. ಅವುಗಳ ಜೊತೆಯಲ್ಲೇ ಸೇರಿದ ನಾಲ್ಕನೆಯದರಲ್ಲಿ 71. ಆರನೆಯದರಲ್ಲಿ 83. ಕೆಲವೇ ದಿನದ ಹಿಂದೆ ಹಾಕಿದ ಐದನೆಯದರಲ್ಲಿ ಆಗಲೇ 9. ಕರೆಂಟ್ ತಪ್ಪಿ ಹೆಡ್ ಹಿಂದೆ ಸರಿದ ಲೆಕ್ಕ ಇಡುವ 192 ಕೂಡ ಇವೇ ಮೂರರಲ್ಲಿ ಜಾಸ್ತಿ. ಸರ್ವರ್ ಆನ್ ಇದ್ದಾಗಲೇ ಈ ಮೂರು ಡಿಸ್ಕ್ ಮತ್ತೆ ಮತ್ತೆ ಕರೆಂಟ್ ಕಳೆದುಕೊಂಡಿವೆ.

ಆಪರೇಟಿಂಗ್ ಸಿಸ್ಟಮ್ ಬರೆದಿಡುವ ಕರ್ನಲ್ ಲಾಗಿನಲ್ಲಿ "ಪವರ್-ಆನ್ ಆರ್ ಡಿವೈಸ್ ರೀಸೆಟ್ ಅಕರ್ಡ್" ಅನ್ನುವ ಸಾಲು ಎಷ್ಟೋ ಸಲ ಇತ್ತು. ಬಹಳ ಜನ ಇದನ್ನು ನೋಡಿ ಕಾರ್ಡೇ ರೀಸೆಟ್ ಆಗುತ್ತಿದೆ ಅಂದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಎರಡು ಸಾಧ್ಯತೆ ಸೇರಿಕೊಂಡಿದೆ. ಕಾರ್ಡ್ ಡಿಸ್ಕನ್ನು ರೀಸೆಟ್ ಮಾಡಿದರೂ ಅದು ಬರುತ್ತದೆ, ಡಿಸ್ಕಿಗೆ ಕರೆಂಟ್ ಹೋಗಿ ಬಂದರೂ ಬರುತ್ತದೆ. ಎರಡನ್ನೂ ಬೇರೆ ಮಾಡುವುದು 12ನೇ ನಂಬರ್. ಕಾರ್ಡ್ ಎಷ್ಟು ರೀಸೆಟ್ ಕೊಟ್ಟರೂ ಆ ಲೆಕ್ಕ ಏರುವುದಿಲ್ಲ, ಡಿಸ್ಕಿಗೆ ಕರೆಂಟ್ ಹೋಗಿ ಮತ್ತೆ ಬರಬೇಕು.

ಮಗನಿಗೆ ಫೋನಿನಲ್ಲಿ ಇನ್ನೊಂದು ಅನುಮಾನ ಇತ್ತು. "ಡಿಸ್ಕ್ ಎಸ್‌ಎಂಆರ್ ಇರಬಹುದಾ ಅಣ್ಣಾ?" ಒಳ್ಳೆಯ ಪ್ರಶ್ನೆ. ನಾಸ್‌ಗೆಂದೇ, ಅಂದರೆ ಇಂಥ ಸ್ಟೋರೇಜ್ ಸರ್ವರಿಗೆಂದೇ, ಮಾರುತ್ತಿದ್ದ ಕೆಲವು ಡಿಸ್ಕುಗಳು ಎಸ್‌ಎಂಆರ್ ಅಂತ 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯೇ ಆಗಿತ್ತು. ಅಂಥ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೆಂಚಿನಂತೆ ಹಾಯ್ದಿರುವುದರಿಂದ ರಿಸಿಲ್ವರ್ ಹೊತ್ತಿಗೆ ಬರೆಯುವುದು ತೀರಾ ನಿಧಾನವಾಗಿ ಝಡ್‌ಎಫ್‌ಎಸ್ ಡಿಸ್ಕನ್ನು ಹೊರಹಾಕುವುದುಂಟು. ಮಾಡೆಲ್ ನಂಬರ್ ನೋಡಿದೆ, ಎಲ್ಲವೂ ಸಿಎಂಆರ್, ಅಂದರೆ ಟ್ರ್ಯಾಕ್ ಒಂದರ ಮೇಲೊಂದು ಹಾಯದ ಬಗೆ. ಅಲ್ಲದೆ ಎಸ್‌ಎಂಆರ್ ಡಿಸ್ಕ್ ನಿಧಾನ ಆಗುತ್ತದೆ ಹೊರತು ಆಫ್ ಆಗುವುದಿಲ್ಲ.

ಕಾಯಿಲೆಯನ್ನು ಕರೆದು ತೋರಿಸಿದ್ದು

ಪೂಲ್ ಇಂಪೋರ್ಟ್ ಮಾಡದೆ, ಡಿಸ್ಕಿನಿಂದ ನೇರವಾಗಿ ಓದಿ ಎಲ್ಲಿಗೂ ಬರೆಯದೆ ಬಿಡುವ ಆಟ ಆಡಬಹುದು. ಡಿಡಿ ಕಮಾಂಡ್ ಸಾಕು. ಇಲ್ಲಿ ಒಂದು ಎಚ್ಚರಿಕೆ. ಡಿಡಿಯಲ್ಲಿ ಎಲ್ಲಿಂದ, ಎಲ್ಲಿಗೆ ಅನ್ನುವುದು ಅದಲುಬದಲಾದರೆ ಡಿಸ್ಕ್ ಅಳಿಸಿಹೋಗುತ್ತದೆ, ಹಾಗಾಗಿ ಎಂಟರ್ ಒತ್ತುವ ಮೊದಲು ಒಂದು ಸಲ ಜೋರಾಗಿ ಓದಿಕೊಳ್ಳುವುದು ನನ್ನ ರೂಢಿ.

ನಾಲ್ಕನೆಯದನ್ನು ಮಾತ್ರ ಓದಿಸಿದೆ. ಏನೂ ಆಗಲಿಲ್ಲ. ನಾಲ್ಕು-ಐದು ಒಟ್ಟಿಗೆ, ಏನೂ ಇಲ್ಲ. ಆರನೆಯದನ್ನೂ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟಾಗ ಟಕ್. ಆರನೇ ಡಿಸ್ಕ್ ಮಾಯ, ಮತ್ತೆ ತಿರುಗಲು ಶುರು. ಅದರ 12ನೇ ನಂಬರ್ 84 ಆಗಿತ್ತು. ಯಜಮಾನರು ಪಕ್ಕದಲ್ಲೇ ನಿಂತು ನೋಡಿದರು.

ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಖಚಿತ ಮಾಡಲು ಆರನೆಯದರ ಡೇಟಾ ಕೇಬಲ್ ಮಾತ್ರ ಬದಲಿಸಿ ಮದರ್‌ಬೋರ್ಡಿನ ಖಾಲಿ ಪೋರ್ಟಿಗೆ ಹಾಕಿದೆ. ಪವರ್ ಮುಟ್ಟಲಿಲ್ಲ. ಝಡ್‌ಎಫ್‌ಎಸ್ ಡಿಸ್ಕನ್ನು ಅದರ ಮೇಲಿನ ಲೇಬಲ್‌ನಿಂದ ಗುರುತಿಸುತ್ತದೆ, ಪೋರ್ಟಿನಿಂದ ಅಲ್ಲ, ಹಾಗಾಗಿ ಹೀಗೆ ಬದಲಿಸಿದರೆ ಪೂಲಿಗೆ ತೊಂದರೆ ಇಲ್ಲ. ಮತ್ತೆ ಮೂರನ್ನೂ ಓದಿಸಿದೆ. ಮತ್ತೆ ಟಕ್. ಕಾರ್ಡಿನ ಮೇಲೆ ಇಲ್ಲದ ಡಿಸ್ಕೂ ಬಿದ್ದಿತು. ಅದೇ ಹೊತ್ತಿಗೆ ಕಾರ್ಡಿನ ಮೇಲಿದ್ದ ಮೂರನೆಯದನ್ನು ಎಷ್ಟು ಓದಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಮಲ್ಟಿಮೀಟರ್. ಮೊಲೆಕ್ಸಿನಲ್ಲಿ ಕೆಂಪು ತಂತಿ 5 ವೋಲ್ಟ್, ಹಳದಿ 12, ಕಪ್ಪು ಗ್ರೌಂಡ್. ಐದು ವೋಲ್ಟಿನ ತಂತಿಯಲ್ಲಿ ಶೇ. 5ರಷ್ಟು ಏರುಪೇರಿಗೆ ಅವಕಾಶ, ಅಂದರೆ 4.75ಕ್ಕಿಂತ ಕೆಳಗೆ ಇಳಿಯಬಾರದು. ಪವರ್ ಸಪ್ಲೈ ಕಡೆಯ ಪ್ಲಗ್‌ನಲ್ಲಿ 5.06. ಕೇವಲ ಇಲ್ಲಿ ಅಳೆದಿದ್ದರೆ ಪವರ್ ಚೆನ್ನಾಗಿದೆ ಅಂತ ಮುಚ್ಚಿಡಬಹುದಿತ್ತು. ಸ್ಪ್ಲಿಟರಿನ ಆಚೆ ಬದಿ ಡಿಸ್ಕ್ ಸುಮ್ನೆ ತಿರುಗುವಾಗಲೇ 4.88. ಮೂರೂ ಓದುವಾಗ ಮೀಟರಿನ ಕನಿಷ್ಠ ಹಿಡಿಯುವ ಬಟನ್ ಒತ್ತಿ ಇಟ್ಟರೆ 4.63. ಮೀಟರ್ ನಿಧಾನ, ನಿಜವಾದ ಕುಸಿತ ಇದಕ್ಕಿಂತ ಆಳ ಇದ್ದೀತು. ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಕನೆಕ್ಟರಿನ ಸೇರುವೆಯಲ್ಲಿ 0.15 ಓಮ್ ಅಡ್ಡಿ ಇದ್ದು 2 ಆಂಪಿಯರ್ ಹರಿದರೆ 0.3 ವೋಲ್ಟ್ ಅಲ್ಲೇ ಕರಗುತ್ತದೆ. 12 ವೋಲ್ಟಿಗೆ 0.3 ದೊಡ್ಡದಲ್ಲ, 5 ವೋಲ್ಟಿಗೆ ಅದು ಗಡಿ ದಾಟುವಷ್ಟು.

ಸ್ಪ್ಲಿಟರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು. ಕೆಂಪು ತಂತಿಯ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿತ್ತು. ಕಿಲುಬಿನಿಂದ ಅಡ್ಡಿ, ಅಡ್ಡಿಯಿಂದ ಬಿಸಿ, ಬಿಸಿಯಿಂದ ಪಿನ್ ಸಡಿಲ, ಮತ್ತೆ ಇನ್ನಷ್ಟು ಅಡ್ಡಿ. ಇಂಥ ಅಗ್ಗದ ಸ್ಪ್ಲಿಟರುಗಳು, ಅದರಲ್ಲೂ ಸಾಟಾ ತುದಿಗೆ ಪ್ಲಾಸ್ಟಿಕ್ ಎರಕ ಹೊಯ್ದವು, ಕರಗಿ ಹೊತ್ತಿಕೊಂಡ ಉದಾಹರಣೆಗಳು ಎಲ್ಲ ಕಡೆ ಇವೆ. ಇಲ್ಲಿ ಅಷ್ಟು ಆಗುವ ಮೊದಲೇ ಡಿಸ್ಕುಗಳು ಕೂಗಿಕೊಂಡಿದ್ದು ಒಳ್ಳೆಯದೇ ಆಯಿತು.

ಕಿಲುಬು ಇಷ್ಟು ಬೇಗ ಹಿಡಿಯಲು ಕಾರಣ ಜಾಗ. ಸರ್ವರ್ ಇಟ್ಟಿದ್ದ ಕೋಣೆಯ ಗೋಡೆಯ ಆಚೆಗೆ ಬಚ್ಚಲು ಮನೆ. ಹಂಡೆ ಒಲೆಗೆ ಬೆಳಿಗ್ಗೆ ಸಂಜೆ ಸೌದೆ. ಮಲೆನಾಡಿನ ಮಳೆಗಾಲದ ತೇವ ಒಂದೇ ಸಾಕು ಬೆಲ್ಟಿಗೆ ಬೂಸ್ಟು ಹಿಡಿಸಲು. ಅದಕ್ಕೆ ಹುಳಿ ಅಂಶದ ಸೌದೆ ಹೊಗೆ ಸೇರಿದರೆ ತಾಮ್ರ, ಹಿತ್ತಾಳೆಯ ಗತಿ ಕೇಳಬೇಡಿ. ವಿಚಿತ್ರ ಅಂದರೆ ಅದೇ ಮನೆಯಲ್ಲಿ ಕ್ಯಾಮೆರಾ ಲೆನ್ಸುಗಳು ಒಳಗೆ ಸಣ್ಣ ಬಲ್ಬು ಉರಿಯುವ ಕಪಾಟಿನಲ್ಲಿ ಬೆಚ್ಚಗೆ ಕೂತಿದ್ದವು. ಲೆನ್ಸಿಗೆ ಫಂಗಸ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

ರಿಪೇರಿ ಮಾಡಿದ ಕ್ರಮ

ಸ್ಪ್ಲಿಟರನ್ನು ತಿಕ್ಕಿ ತೊಳೆಯಲು ಹೋಗಲಿಲ್ಲ, ಬಿಸಾಕಿದೆ. ಸಾಟಾ ಪ್ಲಗ್ ಎಂಟು ಇರುವ 550 ವಾಟಿನ ಪವರ್ ಸಪ್ಲೈ ನನ್ನಲ್ಲಿತ್ತು, ಅದನ್ನು ಹಾಕಿದೆ. ಆರೂ ಡಿಸ್ಕಿಗೆ ನೇರ ಪ್ಲಗ್, ಎರಡು ಬೇರೆ ತಂತಿಗಳಲ್ಲಿ ಮೂರು ಮೂರು. ಸ್ಟಾರ್ಟ್ ಆಗುವಾಗ ಒಂದೊಂದು ಡಿಸ್ಕ್ 12 ವೋಲ್ಟಿನಲ್ಲಿ 2 ಆಂಪಿಯರ್ ತನಕ ಎಳೆಯುವುದರಿಂದ ಆರನ್ನೂ ಒಂದೇ ತಂತಿಗೆ ನೇತುಹಾಕುವುದು ಬೇಡ.

ಪೂಲನ್ನು ಮೊದಲು ರೀಡ್-ಓನ್ಲಿ ಆಗಿ ಇಂಪೋರ್ಟ್ ಮಾಡಿದೆ. ಹಾಗೆ ಮಾಡಿದರೆ ರಿಸಿಲ್ವರ್ ಶುರುವಾಗುವುದಿಲ್ಲ, ಏನೂ ಬರೆಯುವುದೂ ಇಲ್ಲ. ಎಡಿಟ್ ಆಗದ ಮದುವೆಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಂಡ ಮೇಲೆಯೇ ಮಾಮೂಲಿನಂತೆ ಇಂಪೋರ್ಟ್, ಹಳೆಯ ಎರರ್ ಲೆಕ್ಕ ಕ್ಲಿಯರ್, ರಿಸಿಲ್ವರ್. ರಾತ್ರಿಯಿಡೀ ಓಡಿ ಮುಗಿಯಿತು. ಮುಗಿದ ಕೂಡಲೇ ಸ್ಕ್ರಬ್. ನಾಲ್ಕು ಮತ್ತು ಆರನೆಯದರಲ್ಲಿ ಕೆಲವು ಚೆಕ್‌ಸಮ್ ಎರರ್ ಸಿಕ್ಕು ಸರಿಯಾದವು. ಅವು ಹಿಂದಿನ ಪಾಪದ ಶೇಷ. ಡಿಸ್ಕ್ ತನ್ನ ಕ್ಯಾಶ್ ಮೆಮೊರಿಯಲ್ಲಿ ಹಿಡಿದುಕೊಂಡು "ತಗೊಂಡೆ" ಅಂದದ್ದು ಕರೆಂಟ್ ತಪ್ಪಿದಾಗ ಪ್ಲೇಟಿಗೆ ಬರೆಯದೇ ಕಳೆದುಹೋಗುತ್ತದೆ. ಅಲ್ಲಿ ಹಳೆಯ ಡೇಟಾ ಉಳಿದಿರುತ್ತದೆ, ಚೆಕ್‌ಸಮ್ ತಾಳೆಯಾಗುವುದಿಲ್ಲ. ಕಳೆದದ್ದನ್ನು ಮತ್ತೆ ಲೆಕ್ಕ ಹಾಕಿ ತೆಗೆಯಲು ಬರೆದಿಟ್ಟ ಹೆಚ್ಚುವರಿ ಡೇಟಾ, ಅಂದರೆ ಪಾರಿಟಿ, ಇದ್ದುದರಿಂದ ಒಂದು ಫೈಲೂ ಹಾಳಾಗಲಿಲ್ಲ.

ಈಗ ನಾಲ್ಕನೆಯದರ ಆ 16. ಸ್ಕ್ರಬ್ ಪೂರ್ತಿ ಆದರೂ 197 ಹಾಗೇ ಇತ್ತು. ಡಿಸ್ಕ್ ತನ್ನನ್ನು ತಾನೇ ಪೂರ್ತಿ ಓದಿ ನೋಡುವ ಲಾಂಗ್ ಟೆಸ್ಟ್ ಕೊಟ್ಟರೆ ಒಂದು ಜಾಗದಲ್ಲಿ ಓದಲಾಗದೆ ನಿಂತಿತು. ಇದನ್ನು ನೋಡಿ ಡಿಸ್ಕ್ ಬಿಸಾಕುವವರೇ ಹೆಚ್ಚು. ಆದರೆ ಸ್ಕ್ರಬ್ ಡೇಟಾ ಇರುವ ಜಾಗ ಮಾತ್ರ ಓದುತ್ತದೆ, ಖಾಲಿ ಜಾಗದ ಗೊಡವೆ ಅದಕ್ಕಿಲ್ಲ. ಬರೆಯುತ್ತಿರುವಾಗ ಕರೆಂಟ್ ತಪ್ಪಿದರೆ ಆ ಸೆಕ್ಟರ್ ಅರ್ಧಂಬರ್ಧ ಆಗಿ ಓದಲು ಬಾರದೆ ಉಳಿಯುತ್ತದೆ. ಪ್ಲೇಟ್ ಚೆನ್ನಾಗಿಯೇ ಇರುತ್ತದೆ, ಮೇಲಿನ ಬರಹ ಮಾತ್ರ ಕೆಟ್ಟಿರುತ್ತದೆ. ಮತ್ತೆ ಬರೆದರೆ ಸರಿಹೋಗಬೇಕು. ಪೂಲ್ ಪೂರ್ತಿ ಆರೋಗ್ಯದಲ್ಲಿದ್ದುದರಿಂದ ನಾಲ್ಕನೆಯದನ್ನು ಆಫ್‌ಲೈನ್ ಮಾಡಿ, ಇಡೀ ಡಿಸ್ಕಿಗೆ ಸೊನ್ನೆ ಬರೆದೆ. 197 ಸೊನ್ನೆಗೆ ಇಳಿಯಿತು. 5 ಏರಲಿಲ್ಲ. 5ನೇ ನಂಬರ್ ಏರಿದ್ದರೆ ಪ್ಲೇಟಿಗೇ ಪೆಟ್ಟಾಗಿದೆ ಅಂತ ಅರ್ಥ, ಆಗ ನಾನೂ ಡಿಸ್ಕ್ ಬದಲಿಸಿ ಅನ್ನುತ್ತಿದ್ದೆ. ಲಾಂಗ್ ಟೆಸ್ಟ್ ಪಾಸಾಯಿತು, ಮತ್ತೆ ಪೂಲಿಗೆ ಸೇರಿತು.

ಅಂಗಡಿಯಲ್ಲಿ "ಹೋಗಿದೆ" ಅನ್ನಿಸಿಕೊಂಡಿದ್ದ ಹಳೆಯ ಐದನೇ ಡಿಸ್ಕ್ ಗೋಣಿಚೀಲದ ಮೇಲೆ ಬಿದ್ದಿತ್ತು. ಶಿವಮೊಗ್ಗಕ್ಕೆ ತಂದು ನನ್ನ ಮೇಜಿನ ಮೇಲೆ ಪೂರ್ತಿ ಬರೆದು ಪೂರ್ತಿ ಓದಿಸಿದೆ. ಒಂದು ಎರರ್ ಇಲ್ಲ. ಈಗ ಅದು ಅವರ ಸ್ಪೇರ್.

ಕಾರ್ಡಿನ ವಿಷಯಕ್ಕೂ ಒಂದು ಮಾತು. ಈ ಸಲ ಅದರ ತಪ್ಪಿಲ್ಲದಿದ್ದರೂ ಅದು ಸುಖವಾಗಿರಲಿಲ್ಲ. ಫರ್ಮ್‌ವೇರ್ ಐಟಿ ಮೋಡ್‌ನಲ್ಲಿತ್ತು, ಅಂದರೆ ಕಾರ್ಡ್ ತಾನು ರೇಡ್ ಮಾಡಲು ಹೋಗದೆ ಡಿಸ್ಕುಗಳನ್ನು ಹಾಗ್ಹಾಗೇ ಮುಂದೆ ಕೊಡುತ್ತದೆ, ಝಡ್‌ಎಫ್‌ಎಸ್‌ಗೆ ಬೇಕಾದದ್ದು ಅದೇ. ಆವೃತ್ತಿ 20.00.07.00, ಈ ಕಾರ್ಡಿಗೆ ಎಲ್ಲರೂ ಹೇಳುವುದು ಅದನ್ನೇ. 20ರ ಸಾಲಿನ ಮೊದಮೊದಲ ಆವೃತ್ತಿಗಳು ತೊಂದರೆ ಕೊಡುತ್ತಿದ್ದವು. ಆದರೆ ಹೀಟ್‌ಸಿಂಕ್ ಮೇಲೆ ಬೆರಳು ಇಡಲು ಆಗುತ್ತಿರಲಿಲ್ಲ. ಜೋರು ಗಾಳಿ ಬೀಸುವ ಸರ್ವರ್ ಪೆಟ್ಟಿಗೆಗೆಂದು ಮಾಡಿದ ಕಾರ್ಡ್ ಇದು, ಮನೆಯ ಡೆಸ್ಕ್‌ಟಾಪ್ ಕೇಸಿನಲ್ಲಿ ಗಾಳಿ ಸಿಗುವುದಿಲ್ಲ. ಬಿಸಿಯಾದ ಕಾರ್ಡ್ ಭಾರ ಬಿದ್ದಾಗ ತನ್ನ ಮೇಲಿರುವ ಎಲ್ಲ ಡಿಸ್ಕುಗಳನ್ನೂ ಒಟ್ಟಿಗೆ ಕೈಬಿಡಬಲ್ಲದು. ಆಗ 12ನೇ ನಂಬರ್ ಏರದೆ ಮೂರನೇ ಡಿಸ್ಕೂ ಸೇರಿ ನಾಲ್ಕೂ ಬೀಳುತ್ತಿದ್ದವು. ಚಿಕ್ಕ ಫ್ಯಾನ್ ಒಂದನ್ನು ಹೀಟ್‌ಸಿಂಕಿಗೆ ಎದುರಾಗಿ ಕಟ್ಟಿದೆ.

ಸರ್ವರ್ ಈಗ ಮಹಡಿಯ ಎಡಿಟಿಂಗ್ ಕೋಣೆಯಲ್ಲಿದೆ. ಮಳೆಗಾಲದಲ್ಲಿ ಅದನ್ನು ಆಫ್ ಮಾಡಿ ಇಡಬೇಡಿ ಅಂತ ಹೇಳಿದ್ದೇನೆ, ಓಡುತ್ತಿರುವ ಮಷೀನ್ ತನ್ನ ಬಿಸಿಗೇ ಒಳಗೆ ಒಣಗಿರುತ್ತದೆ. ಕೇಸಿನ ಕಿಂಡಿಗಳಿಗೆ ಅತ್ತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದ್ದಾರೆ. ಮದುವೆ ಫೈಲುಗಳ ಒಂದು ಪ್ರತಿ ಶಿವಮೊಗ್ಗದಲ್ಲಿರುವ ತಮ್ಮನ ಮನೆಗೆ ಹೋಗುತ್ತದೆ.

ಆಮೇಲಿನ ಸ್ಕ್ರಬ್ ಮುಗಿದ ಬೆಳಿಗ್ಗೆ ಯಜಮಾನರು ಸ್ಕ್ರೀನ್ ಫೋಟೋ ಕಳಿಸಿದರು. ಆರೂ ಸಾಲಿನಲ್ಲಿ ರೀಡ್, ರೈಟ್, ಚೆಕ್‌ಸಮ್ ಎಲ್ಲ ಸೊನ್ನೆ. ಕೆಳಗೆ ಒಂದು ಪ್ರಶ್ನೆ: "ಹೊಸ ಕಾರ್ಡ್ ಬೇಡ ಅಂದ್ಯಲ್ಲ, ಮಗ ಆಗಲೇ ಅಡ್ವಾನ್ಸ್ ಕೊಟ್ಟಿದ್ದಾನೆ, ವಾಪಸ್ ತಗೊಳ್ತಾರಾ?"